ಆಕಾಶಕ್ಕೆ ಎಂಟಕ್ಕೆಂಟು

ಮೋಡದ ಟೀಚರ್ ಹುಟ್ಟಿದಾಗ ಅವರ ಕತ್ತು ಎಲ್ಲರ ಕತ್ತಿನಂತೆ ನೆಟ್ಟಗೇ ಇತ್ತಂತೆ. ಅದು ಮೇಲಕ್ಕೆ ತಿರುಗಿಕೊಂಡದ್ದು ಆಮೇಲೆ, ಮೂರನೇ ಕ್ಲಾಸು ಅವರ ಪಾಲಿಗೆ ಬಂದಾಗಿನಿಂದ. ಈಗ ಅವರು ಬೀದಿಯಲ್ಲಿ ಬಂದರೆ ಜನ ಮುಖಕ್ಕೆ ಕಾಯುವುದಿಲ್ಲ, ಗದ್ದಕ್ಕೇ ನಮಸ್ಕಾರ ಹೇಳಿ ಮುಂದೆ ಹೋಗುತ್ತಾರೆ. ಶಾಲೆಯ ತಿರುವಿನಲ್ಲಿರುವ ದೀಪದ ಕಂಬಕ್ಕೆ ಅವರು ಎಷ್ಟು ಸಲ ಡಿಕ್ಕಿ ಹೊಡೆದಿದ್ದಾರೆಂದರೆ, ಕೊನೆಕೊನೆಗೆ ಆ ಕಂಬವೇ ಅವರು ಬರುವುದನ್ನು ಕಂಡು ಒಂದು ಪಕ್ಕಕ್ಕೆ ವಾಲಿ ದಾರಿ ಬಿಡುವುದನ್ನು ಕಲಿಯಿತು. ನಂಬದವರು ಹೋಗಿ ನೋಡಬಹುದು, ಕಂಬ ಇವತ್ತಿಗೂ ವಾಲಿಕೊಂಡೇ ಇದೆ.

ಗಂಡನದು ಕೊಡೆ ರಿಪೇರಿ ಅಂಗಡಿ. ಶಾಲೆಯ ಕಾಂಪೌಂಡಿಗೆ ಬೆನ್ನು ಕೊಟ್ಟುಕೊಂಡು, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದಷ್ಟೇ ಜಾಗದಲ್ಲಿ, ಮುರಿದ ಕಡ್ಡಿಗಳ ನಡುವೆ ಆ ಮನುಷ್ಯ ಮುಳ್ಳುಹಂದಿಯ ಹೊಟ್ಟೆಯೊಳಗೆ ಸಿಕ್ಕಿಕೊಂಡವರ ಹಾಗೆ ಕೂತಿರುತ್ತಿದ್ದರು. ಹೆಂಡತಿ ಮೋಡ ನೋಡುವ ಕೆಲಸ ಹಿಡಿದಳೆಂದು ಮೊದಮೊದಲು ಅವರಿಗೆ ಹಿಗ್ಗೋ ಹಿಗ್ಗು. ಬೆಳಿಗ್ಗೆ ಎದ್ದರೆ ಅದೇ ಪ್ರಶ್ನೆ.

"ಏನಮ್ಮಾ ಮೇಡಂ, ಇವತ್ತೇನಾದರೂ ಬೀಳುತ್ತೋ?"

"ಆಗಿದ್ದನ್ನ ಹೇಳ್ತೀನಿ ರೀ. ಆಗೋದನ್ನ ಕೇಳಬೇಡಿ."

"ಆಗಿದ್ದು ನನಗೂ ಗೊತ್ತಾಗುತ್ತೆ ಕಣೇ, ಅಂಗಡಿ ಸೂರು ಸೋರುತ್ತಲ್ಲ!"

ಟೀಚರ್ ಈ ಹುಚ್ಚು ಹಚ್ಚಿಕೊಂಡದ್ದು ಮೂರನೇ ಕ್ಲಾಸಿನ ಗಲಾಟೆಯಿಂದ. ಅದು ಅಂಥಿಂಥ ಗಲಾಟೆಯಲ್ಲ. ಆ ಕೋಣೆಯ ಗೋಡೆಗೆ ಮೊಳೆ ಹೊಡೆಯುವುದೇ ಬೇಕಿರಲಿಲ್ಲ, ಸುಮ್ಮನೆ ಒತ್ತಿ ಹಿಡಿದರೆ ಮಕ್ಕಳ ಕೂಗಿಗೆ ಮೊಳೆ ತಾನಾಗಿ ಒಳಗೆ ಹೋಗುತ್ತಿತ್ತು. ಅದರಲ್ಲೂ ಮುಂದಿನ ಬೆಂಚಿನ ಒಬ್ಬ ಹುಡುಗಿಗೆ ಇಡೀ ಶಾಲೆ 'ಮೈಕು' ಎಂದೇ ಹೆಸರಿಟ್ಟಿತ್ತು. ಅವಳು ಗುಟ್ಟು ಹೇಳಿದರೆ ಊರಾಚೆ ನಾಯಿ ಬೊಗಳುತ್ತಿತ್ತು. ಒಂದು ದಿನ ಟೀಚರ್ ಗಂಟಲು ಹರಿದುಕೊಂಡು, ಸೋತು, ಕುರ್ಚಿಯಲ್ಲಿ ಕುಸಿದು ಕಿಟಕಿಯಾಚೆ ನೋಡಿದರು. ಅಲ್ಲೊಂದು ಮೋಡ. ಬಿಳಿಯದು, ದಪ್ಪನೆಯದು, ಯಾರದೋ ಮಾವ ಊಟ ಮಾಡಿ ಅಡ್ಡಾದ ಹಾಗಿತ್ತು.

"ಅದು ಎತ್ತ ಹೋಗ್ತಿದೆ?" ಎಂದು ಟೀಚರ್ ತಮಗೆ ತಾವೇ ಕೇಳಿಕೊಂಡರು.

ಕ್ಲಾಸು ಕಿಟಕಿಯತ್ತ ತಿರುಗಿತು. ಮೋಡ ಎತ್ತ ಹೋಗುತ್ತದೆಂದು ತಿಳಿಯಬೇಕಾದರೆ ಅಲುಗಾಡದೆ ನೋಡಬೇಕಲ್ಲ. ಎಲ್ಲರೂ ಕಲ್ಲಾದರು. ಆ ಕೋಣೆಯಲ್ಲಿ ಹಿಂದೆಂದೂ ಕೇಳದ ಮೌನ ಕೇಳಿಸಿತು. ಅದು ಕೇಳಿಸಿದ್ದೇ ತಡ, ಹೆಡ್‌ಮೇಷ್ಟ್ರು ಪೆನ್ನು ಬಿಸಾಡಿ ಆಫೀಸಿನಿಂದ ಓಡಿಬಂದರು.

"ಏನಾಯ್ತು? ಯಾರಿಗೇನಾಯ್ತು?"

"ಶ್! ಸಾರ್," ಎಂದಳು ಮೈಕು, "ಮೋಡ ನೋಡ್ತಿದ್ದೀವಿ."

ಮಾರನೆಯ ದಿನದಿಂದ ಮಧ್ಯಾಹ್ನ ಹನ್ನೆರಡಕ್ಕೆ ಗಂಟೆ ಹೊಡೆದರೆ ಮೂರನೇ ಕ್ಲಾಸು ಅಂಗಳದಲ್ಲಿ. ಟೀಚರ್ ತಮ್ಮ ಮನೆಯ ಬೀರುವಿನ ಕನ್ನಡಿಯನ್ನೇ ಬಿಚ್ಚಿಸಿ ತಂದು ನೆಲಕ್ಕೆ ಹಾಸಿದರು. ಅವತ್ತಿನಿಂದ ಅವರು ತಲೆ ಬಾಚುವುದು ಸ್ಟೀಲ್ ತಟ್ಟೆ ನೋಡಿಕೊಂಡು. ಕನ್ನಡಿಯ ಮೇಲೆ ಬಣ್ಣದಿಂದ ಒಂದು ದುಂಡು ಗೆರೆ ಎಳೆದು, ಅದನ್ನು ಎಂಟು ಪಾಲು ಮಾಡಿದರು. ಸೂರ್ಯನ ಕಡೆಗೆ ಯಾರೂ ನೇರ ನೋಡಕೂಡದು. ಕನ್ನಡಿಯ ಸುತ್ತ ಕೂತು, ಎಂಟು ಪಾಲಿನಲ್ಲಿ ಎಷ್ಟು ಪಾಲಿಗೆ ಮೋಡ ಮುಚ್ಚಿದೆಯೆಂದು ಎಣಿಸಬೇಕು. ಪಕ್ಕದಲ್ಲಿ ಬಿಳಿ ಬಣ್ಣದ ಜಾಲರಿ ಪೆಟ್ಟಿಗೆ, ಅದರೊಳಗೆ ಥರ್ಮಾಮೀಟರು. ಒಂದು ಜೋಡಿ ಪಾರಿವಾಳ ಬಂದು ಆ ಪೆಟ್ಟಿಗೆ ಬಾಡಿಗೆಗೆ ಇದೆಯೇ ಎಂದು ವಿಚಾರಿಸಿಕೊಂಡು ಹೋಯಿತು. ಅಂಗಳದ ನಟ್ಟನಡುವೆ ಮಳೆ ಅಳೆಯುವ ಡಬ್ಬಿ, ಮೇಲೊಂದು ಆಲಿಕೆ, ಒಳಗೊಂದು ಗೆರೆ ಕೊರೆದ ಗಾಜಿನ ಕೊಳವೆ.

ಮೋಡಗಳಿಗೆ ದೊಡ್ಡವರು ಇಟ್ಟ ಹೆಸರು ಮಕ್ಕಳ ನಾಲಿಗೆಗೆ ಹತ್ತಲಿಲ್ಲ. ಅವರೇ ಇಟ್ಟುಕೊಂಡರು. ಉಂಡೆ ಉಂಡೆಯಾಗಿರುವುದು ಹತ್ತಿ ಮೋಡ. ತೆಳ್ಳಗೆ ಎಳೆ ಎಳೆಯಾಗಿರುವುದು ಬಾಚಣಿಗೆ ಮೋಡ. ಆಕಾಶವನ್ನೆಲ್ಲ ಮುಚ್ಚಿಕೊಂಡು ಮಲಗುವುದು ಕಂಬಳಿ ಮೋಡ. ಇನ್ನೊಂದಿತ್ತು, ಬುಡದಲ್ಲಿ ಕಪ್ಪು, ನೆತ್ತಿಯಲ್ಲಿ ಬಿಳಿ, ಬರುವಾಗಲೇ ಗುಡುಗಿಕೊಂಡು ಬರುವುದು. ಅದರ ಹೆಸರನ್ನು ಮಕ್ಕಳು ಟೀಚರ ಮುಂದೆ ಮಾತ್ರ ಮೆಲ್ಲಗೆ ಹೇಳುತ್ತಿದ್ದರು.

ಲೆಕ್ಕವೆಲ್ಲ ಮುಗಿದ ಮೇಲೆ ಮೈಕು ಆಫೀಸಿನ ಫೋನಿನಲ್ಲಿ ಅದನ್ನು, ಶಾಲೆಗಳಿಂದ ಇಂಥ ಲೆಕ್ಕ ಕೇಳಿ ಬರೆದುಕೊಳ್ಳುತ್ತಿದ್ದ ಹವಾಮಾನ ಕಚೇರಿಗೆ ಹೇಳಬೇಕು. ಅವಳ ದನಿಗೆ ಫೋನು ಬರೀ ಮರ್ಯಾದೆಗೆ. ಕಚೇರಿಯವರು ಕಿಟಕಿ ತೆರೆದಿಟ್ಟುಕೊಂಡಿದ್ದರೆ ಸಾಕಿತ್ತು.

ಹೆಡ್‌ಮೇಷ್ಟ್ರಿಗೆ ಮಾತ್ರ ಇದು ಸರಿಕಾಣಲಿಲ್ಲ. "ಟೀಚರ್, ಮಕ್ಕಳು ಮೇಲೆ ನೋಡ್ಕೊಂಡು ನಡೀತಾರೆ. ನಿನ್ನೆ ಮೂವರು ನನಗೇ ಬಂದು ಗುದ್ದಿದರು. ಬಾಯಿಲೆಕ್ಕ ನೋಡಿದರೆ ಪಾತಾಳದಲ್ಲಿದೆ. ಒಂದು ಮಾತು ಹೇಳ್ತೀನಿ, ಕೇಳಿ. ಹವಾಮಾನದವರು ಒಂದಿನ ಬಂದು ಪರೀಕ್ಷೆ ಮಾಡ್ತಾರಲ್ಲ? ಅವರು ಸೈ ಅಂದರೆ ಹನ್ನೆರಡು ಗಂಟೆ ನಿಮ್ಮದು. ಇಲ್ಲ ಅಂದರೆ ಕನ್ನಡಿ ಮನೆಗೆ, ಡಬ್ಬಿ ಉಗ್ರಾಣಕ್ಕೆ, ಮಕ್ಕಳು ಬಾಯಿಲೆಕ್ಕಕ್ಕೆ."

ಟೀಚರ್ ಒಪ್ಪಿದರು. ಒಪ್ಪದೆ ಬೇರೆ ದಾರಿಯೂ ಇರಲಿಲ್ಲ. ದಿನವಿಡೀ ನಲವತ್ತು ಗಂಟಲಿನ ಎದುರು ಒಂದೇ ಗಂಟಲು ಇಟ್ಟುಕೊಂಡು ಬದುಕುವ ಅವರಿಗೆ ಆ ಹನ್ನೆರಡು ಗಂಟೆಯೇ ಉಸಿರಾಡುವ ಹೊತ್ತು. ಅದು ಹೋದರೆ ತಾನು ಮತ್ತೆ ಬರೀ ಕಿರುಚುವ ಹೆಂಗಸು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಎಡವಟ್ಟಾದದ್ದು ಐದನೇ ಕ್ಲಾಸಿನ ಮೇಷ್ಟ್ರು ಬೆನ್ನು ಹಿಡಿದುಕೊಂಡು ರಜೆ ಹಾಕಿದಾಗ. ಹನ್ನೆರಡು ಗಂಟೆಗೆ ಸರಿಯಾಗಿ ಆ ಕ್ಲಾಸು ನೋಡಿಕೊಳ್ಳುವ ಕೆಲಸ ಮೋಡದ ಟೀಚರ ತಲೆಗೆ ಬಂತು.

"ನೀವೇ ನೋಡಿ, ನೀವೇ ಎಣಿಸಿ, ನೀವೇ ಫೋನ್ ಮಾಡಿ," ಎಂದರು ಮಕ್ಕಳಿಗೆ. "ನಿಮ್ಮ ಮೇಲೆ ನನಗೆ ನಂಬಿಕೆ ಇದೆ."

ಮಕ್ಕಳಿಗೆ ರೆಕ್ಕೆ ಮೂಡಿತು. ಅಂಗಳಕ್ಕೆ ಹೋಗುವಾಗ ಸಾಲು ಕೂಡ ಕಟ್ಟಿದರು, ಯಾರೂ ಹೇಳದೆ. ಟೀಚರ್ ಐದನೇ ಕ್ಲಾಸಿನ ಕಿಟಕಿಯಿಂದ ಕನ್ನಡಿಯ ಸುತ್ತ ಬಾಗಿದ ತಲೆಗಳನ್ನು ಕಂಡು ಕಣ್ಣು ತುಂಬಿಕೊಂಡರು. ಪರವಾಗಿಲ್ಲ, ನನ್ನ ಮಕ್ಕಳು ದಾರಿಗೆ ಬಂದರು ಎಂದುಕೊಂಡರು. ಆ ದಿನಗಳಲ್ಲೇ ಮಳೆ ಕೈಕೊಟ್ಟಿತು. ಆಕಾಶ ತೊಳೆದಿಟ್ಟ ತಟ್ಟೆಯಂತಾಯಿತು. ಕೊಡೆ ಅಂಗಡಿಯವರು ಹೊಲಿಯಲು ಕೊಡೆ ಸಿಗದೆ ತಮ್ಮದೇ ಅಂಗಿಯ ಗುಂಡಿ ಕಿತ್ತು ಕಿತ್ತು ಹೊಲಿಯುತ್ತ ಕೂತರು.

ಹೀಗಿರುವಾಗ ಒಂದು ಬೆಳಿಗ್ಗೆ ಹೆಡ್‌ಮೇಷ್ಟ್ರು ಟೀಚರನ್ನು ಆಫೀಸಿಗೆ ಕರೆಸಿದರು. ಅವರ ಮುಖ ಕಂಡು ಟೀಚರಿಗೆ ಮಕ್ಕಳು ಗುಟ್ಟಾಗಿ ಹೆಸರಿಟ್ಟ ಆ ಮೋಡವೇ ನೆನಪಾಯಿತು.

"ಹವಾಮಾನ ಕಚೇರಿಯಿಂದ ಫೋನ್ ಬಂದಿತ್ತು. ಊರಿಗೆಲ್ಲ ಬಿಸಿಲು, ನಮ್ಮ ಶಾಲೆ ಮೇಲೆ ಮಾತ್ರ ದಿನಾ ಮಳೆ ಬೀಳ್ತಿದೆಯಂತೆ. ಆಕಾಶ ಆರು, ಏಳು, ಎಂಟಕ್ಕೆ ಎಂಟು ಪಾಲು ಮೋಡವಂತೆ. ಏನ್ರೀ ಇದು? ಮಳೆ ನಮ್ಮ ಕಾಂಪೌಂಡ್ ಗೋಡೆ ನೋಡ್ಕೊಂಡು ಒಳಗೇ ಬೀಳುತ್ತಾ? ಅವರು ಇವತ್ತೇ ಹನ್ನೆರಡು ಗಂಟೆಗೆ ಬರ್ತಾರೆ, ಪರೀಕ್ಷೆಗೆ."

ಟೀಚರ ಕತ್ತು ಮೊದಲ ಸಲ ಕೆಳಗಾಯಿತು. ತಮ್ಮ ಕಾಲನ್ನು ಬಹಳ ದಿನಗಳ ಮೇಲೆ ನೋಡಿದರು. ಎಡಗಾಲಿಗೊಂದು ಚಪ್ಪಲಿ, ಬಲಗಾಲಿಗೆ ಗಂಡನದು.

ಹಾಗೇ ಕ್ಲಾಸಿಗೆ ಹೋದರು. ಕೂಗಲಿಲ್ಲ. ಅದನ್ನು ಕಂಡೇ ಮಕ್ಕಳು ತಣ್ಣಗಾದರು.

"ಆಕಾಶದಲ್ಲಿ ಒಂದು ಮೋಡ ಇಲ್ಲ. ಎಂಟು ಅಂತ ಯಾಕೆ ಹೇಳಿದಿರಿ?"

ಮೈಕು ಬೆಂಚಿನ ಕೆಳಗೆ ಏನೋ ಹುಡುಕತೊಡಗಿದಳು. ಎದ್ದು ನಿಂತವನು ಅಜ್ಜಪ್ಪ. ಅದು ಅವನ ಹೆಸರಲ್ಲ. ಎಂಟು ವರ್ಷದ ಆ ಹುಡುಗ ಹಲ್ಲು ಬಿದ್ದ ಬಾಯಲ್ಲಿ ಎಂಬತ್ತರವರ ಹಾಗೆ ಮಾತಾಡುತ್ತಿದ್ದುದಕ್ಕೆ ಬಿದ್ದ ಹೆಸರು.

"ನಿಜ ಹೇಳಬೇಕು ಅಂದರೆ ಟೀಚರ್, ಮೊದಲ ದಿನ ಮೋಡ ಎಣಿಸಿದ್ವಿ. ಎಣಿಸಿದರೆ..." ಎಂದು ದನಿ ತಗ್ಗಿಸಿದ, "ಸೊನ್ನೆ ಬಂತು."

ಕ್ಲಾಸಿಡೀ ಆ ಮಾತಿಗೆ ಸಣ್ಣಗೆ ನಡುಗಿತು. ಅದಕ್ಕೆ ಕಾರಣವಿತ್ತು. ಆ ಶಾಲೆಯಲ್ಲಿ ಪ್ರತಿ ಪರೀಕ್ಷೆ ಮುಗಿದ ಮೇಲೆ ಹೆಡ್‌ಮೇಷ್ಟ್ರು ಖುದ್ದಾಗಿ ಕ್ಲಾಸಿಗೆ ಬಂದು ಅಂಕ ಓದುತ್ತಿದ್ದರು. ಕೆಳಗಿನಿಂದ ಮೇಲಕ್ಕೆ. ಯಾರಾದರೂ ಸೊನ್ನೆ ತೆಗೆದಿದ್ದರೆ ಮೊದಲು ಓದು ನಿಲ್ಲಿಸುವರು. ಕನ್ನಡಕ ತೆಗೆಯುವರು. ಪಂಚಾಂಗವೇ ಮುಗಿದುಹೋಗುವಷ್ಟು ಹೊತ್ತು ಅದನ್ನು ಅಂಗಿಯ ತುದಿಗೆ ಒರೆಸುವರು. ಮತ್ತೆ ಹಾಕಿಕೊಂಡು, ಹೊಟ್ಟೆಯ ತಳದಿಂದ ಎತ್ತಿ "ಸೊನ್ನೆ" ಎನ್ನುವರು. ಆಮೇಲೆ ಬೆಂಚಿನ ಮೇಲೆ ನಿಲ್ಲುವುದು ದೊಡ್ಡ ಶಿಕ್ಷೆಯೆಂದು ಯಾರಿಗೂ ಅನಿಸುತ್ತಿರಲಿಲ್ಲ. ಆ ಕನ್ನಡಕ ಒರೆಸುವುದೇ ಜೀವ ತೆಗೆಯುತ್ತಿತ್ತು.

"ನಮ್ಮ ಶಾಲೆಗೆ ಸೊನ್ನೆ ಅಂತ ಅಷ್ಟು ದೊಡ್ಡ ಕಚೇರಿಗೆ ಹೇಗೆ ಹೇಳೋದು ಟೀಚರ್?" ಎಂದಳು ಮೈಕು, ತಲೆ ಎತ್ತಿ. "ನೀವು ಬೇರೆ ಇರಲಿಲ್ಲ. ಅದಕ್ಕೆ ಮೋಡ ಇಲ್ಲದ ಪಾಲು ಎಣಿಸಿದ್ವಿ. ಎಂಟಕ್ಕೆಂಟು ಬಂತು! ಆಮೇಲೆ ದಿನಾ ಹಾಗೇ ಎಣಿಸಿದ್ವಿ. ಆಕಾಶ ಎಷ್ಟು ಚೊಕ್ಕಟವಾಗಿತ್ತು ಗೊತ್ತಾ? ಒಂದು ಕಲೆ ಇರಲಿಲ್ಲ. ಅದಕ್ಕೆ ಸೊನ್ನೆ ಕೊಟ್ಟರೆ ಪಾಪ ಅಲ್ವಾ?"

"ಹಾಗಾದರೆ ಮಳೆ?"

ಅಜ್ಜಪ್ಪ ತನ್ನ ನೀರಿನ ಬಾಟಲಿ ಎತ್ತಿ ಮುಚ್ಚಳ ಬಿಚ್ಚಿ ತೋರಿಸಿದ. "ಒಬ್ಬೊಬ್ಬರು ಒಂದೊಂದು ಮುಚ್ಚಳ. ಸಮಸಮ. ಯಾರೂ ಜಾಸ್ತಿ ಹಾಕಿಲ್ಲ, ಯಾರೂ ಕಮ್ಮಿ ಹಾಕಿಲ್ಲ. ನಮ್ಮ ಕುಡಿಯೋ ನೀರೇ ಟೀಚರ್, ಕದ್ದಿದ್ದಲ್ಲ."

ನಗು ಬಂದದ್ದೋ ಅಳು ಬಂದದ್ದೋ, ಟೀಚರ್ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಬಂದರು. ಅಲ್ಲಿ ಹೆಡ್‌ಮೇಷ್ಟ್ರು ಕಿವಿಗೊಟ್ಟು ನಿಂತಿದ್ದರು. ಬಾಯಿಲೆಕ್ಕ ಬೇಕೆಂದು ಎಷ್ಟು ಹಟವಿದ್ದರೂ ಶಾಲೆಯ ಮಾನ ಹೊರಗಿನವರ ಮುಂದೆ ಹೋಗುವುದು ಅವರಿಗೆ ಬೇಕಿರಲಿಲ್ಲ.

"ಒಂದು ಕೆಲಸ ಮಾಡಿ. ಮಕ್ಕಳನ್ನ ಹಿಂದಿನ ಕೋಣೆಗೆ ಹಾಕಿ ಬಾಗಿಲು ಎಳೆದುಬಿಡೋಣ. ನೀರಿನ ಟ್ಯಾಂಕು ತುಂಬಿ ಹರಿದು ಡಬ್ಬಿಗೆ ಬೀಳ್ತಿತ್ತು ಅಂತ ನೀವು ಹೇಳಿ. ನಾನೂ ಹೂಂ ಅಂತೀನಿ. ಯಾರಿಗೆ ಗೊತ್ತಾಗುತ್ತೆ?"

ಟೀಚರ ಮನಸ್ಸು ಒಂದು ಗಳಿಗೆ ಆ ಟ್ಯಾಂಕಿನ ಕಡೆಗೇ ಜಾರಿತು. ಸುಳ್ಳು ತೀರ ಸಣ್ಣದು, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು. ಬದಲಿಗೆ ಸಿಗುವುದು ದಿನಾ ಆ ಹನ್ನೆರಡು ಗಂಟೆಯ ಹೊತ್ತು. ಹೂಂ ಎನ್ನಲು ಬಾಯಿ ತೆರೆದೂಬಿಟ್ಟಿದ್ದರು. ಅಷ್ಟರಲ್ಲಿ ಯಾರೋ ಸೆರಗು ಜಗ್ಗಿದರು. ಅಜ್ಜಪ್ಪ.

"ಟೀಚರ್, ಈಗ ನಿಮಗೂ ಸೊನ್ನೆ ಬರುತ್ತಾ?"

"ಬರಬಹುದು ಕಣೋ."

ಹುಡುಗ ಹಿಂದೆ ತಿರುಗಿ ನೋಡಿದ. ಬಾಗಿಲಲ್ಲಿ ಇಡೀ ಕ್ಲಾಸು ಗುಂಪುಗಟ್ಟಿ ನಿಂತಿತ್ತು, ಪ್ರತಿಯೊಬ್ಬರ ಕೈಯಲ್ಲೂ ನೀರಿನ ಬಾಟಲಿ. "ಹಾಗಿದ್ದರೆ ಹೇಳಿ ಟೀಚರ್," ಎಂದ, "ನಿಮಗೆ ಎಲ್ಲಿ ಹಾಕಬೇಕು?"

ಟೀಚರ್ ತೆರೆದ ಬಾಯನ್ನು ಮುಚ್ಚಿದರು. ಟ್ಯಾಂಕಿನ ಕತೆಯೂ ಇನ್ನೊಂದು ಮುಚ್ಚಳ ನೀರೇ ಅಲ್ಲವೇ? "ಬೇಡ ಸಾರ್. ಮಕ್ಕಳು ಅಂಗಳದಲ್ಲೇ ಇರಲಿ. ಏನಾಯ್ತು ಅಂತ ಅವರೇ ಹೇಳಲಿ," ಎಂದರು.

"ಕೆಟ್ಟಿರಿ," ಎಂದರು ಹೆಡ್‌ಮೇಷ್ಟ್ರು.

ಹವಾಮಾನದವರು ಬಂದರು. ಕಡ್ಡಿಯಂಥ ಮನುಷ್ಯ, ಗಾಳಿ ಜೋರಾದರೆ ತಾನೇ ಅದರ ದಿಕ್ಕು ತೋರಿಸುವಂತಿದ್ದರು. ಸುಡು ಬಿಸಿಲಿನಲ್ಲಿ ಕಂಕುಳಲ್ಲೊಂದು ಕೊಡೆ. ತಮ್ಮ ಕಚೇರಿ ಹೇಳಿದ್ದನ್ನು ಅವರೂ ಪೂರ್ತಿ ನಂಬುತ್ತಿರಲಿಲ್ಲವೆಂದು ಕಾಣುತ್ತದೆ. ನಗುವನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು.

ಅಂಗಳದಲ್ಲಿ ಮೈಕು ಎಲ್ಲವನ್ನೂ ಹೇಳಿದಳು. ಸೊನ್ನೆ ಬಂದದ್ದು, ಚೊಕ್ಕ ಪಾಲು ಎಣಿಸಿದ್ದು, ಮುಚ್ಚಳದ ನೀರು. ಕನ್ನಡಕ ಒರೆಸುವ ಭಾಗವನ್ನು ಮಾತ್ರ ನುಂಗಿಕೊಂಡಳು, ಏಕೆಂದರೆ ಕನ್ನಡಕ ಎದುರಿಗೇ ನಿಂತಿತ್ತು. ಬಂದವರು ಪೂರ್ತಿ ಕೇಳಿದರು. ಆಮೇಲೆ ತಮ್ಮ ಕೈಚೀಲದಿಂದ ಕಾಗದ ತೆಗೆದು ನೋಡಿದರು.

"ಮೊನ್ನೆ ಮಳೆ ಅರ್ಧಕ್ಕೆ ಇಳಿದಿದೆ. ಯಾಕೆ? ಅವತ್ತು ಬಾಯಾರಿಕೆ ಜಾಸ್ತಿಯಿತ್ತೋ?"

"ಮೊನ್ನೆ ಅರ್ಧ ಕ್ಲಾಸಿಗೆ ಜ್ವರ," ಎಂದು ಹೆಡ್‌ಮೇಷ್ಟ್ರ ಬಾಯಿಂದಲೇ ಬಂತು.

"ಹಾಗೋ! ಹಾಗಾದರೆ ಇದು ಮಳೆ ಅಲ್ಲ, ಹಾಜರಿ." ಅವರು ಕಾಗದದ ಮೇಲೆ ಬೆರಳು ಓಡಿಸಿದರು. "ಇನ್ನು ಮೋಡ. ನಮ್ಮಲ್ಲಿ ಎರಡು ಅಂದ ದಿನ ಇಲ್ಲಿ ಆರು. ನಮ್ಮಲ್ಲಿ ಒಂದು, ಇಲ್ಲಿ ಏಳು. ಬುಡಮೇಲು ಮಾಡಿದರೆ ಒಂದು ಕೂದಲೂ ವ್ಯತ್ಯಾಸ ಇಲ್ಲ." ಟೀಚರ ಕಡೆ ತಿರುಗಿದರು. "ಮೇಡಂ, ನಿಮ್ಮ ಮಕ್ಕಳಿಗೆ ನೋಡೋದು ಬರುತ್ತೆ. ಎಣಿಸೋದೂ ಬರುತ್ತೆ. ಆದರೆ ಬರೀ ಅಷ್ಟಕ್ಕೆ ನಾನು ಸೈ ಅನ್ನೋ ಹಾಗಿಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳಬೇಕು. ಇಲ್ಲದ್ದನ್ನ ಇಲ್ಲ ಅನ್ನೋಕೂ ಬರಬೇಕು. ಇವತ್ತಿನ ಲೆಕ್ಕ ನನ್ನ ಮುಂದೆ ಮಾಡಲಿ, ನೋಡೋಣ. ಅಂದ ಹಾಗೆ, ಇನ್ನೊಂದು ವಿಷಯ. ಹಿಂದೆ ಒಂದಿನ ನಿಮ್ಮವರು ಫೋನಿನಲ್ಲಿ 'ಹೆಡ್‌ಮೇಷ್ಟ್ರ ಮೋಡ' ಅಂತ ಹೇಳಿದ್ದಾರೆ. ನಮ್ಮ ಕಚೇರಿಯಲ್ಲಿ ಇರೋ ಬರೋ ಪುಸ್ತಕ ಎಲ್ಲ ತಡಕಾಡಿದ್ವಿ, ಸಿಗಲಿಲ್ಲ. ಯಾವುದು ಅದು?"

ಹೆಡ್‌ಮೇಷ್ಟ್ರು ಟೀಚರನ್ನು ನೋಡಿದರು, ಟೀಚರ್ ಆಕಾಶವನ್ನು ನೋಡಿದರು.

"ಬುಡ ಕಪ್ಪು, ನೆತ್ತಿ ಬಿಳಿ, ಗುಡುಗು ಜಾಸ್ತಿ ಸಾರ್," ಎಂದ ಅಜ್ಜಪ್ಪ, ಮರ್ಯಾದೆಯಿಂದ. "ಆದರೆ ಎಷ್ಟೋ ಸಲ ಗುಡುಗಿ ಸುಮ್ಮನೆ ಹೊರಟುಹೋಗುತ್ತೆ. ಏನೂ ಮಾಡಲ್ಲ."

ಹೆಡ್‌ಮೇಷ್ಟ್ರ ಕೈ ತಾನಾಗಿ ತಮ್ಮ ಬೆಳ್ಳನೆಯ ತಲೆಯ ಮೇಲೆ ಹೋಯಿತು.

ಹನ್ನೆರಡರ ಗಂಟೆ ಹೊಡೆಯಿತು. ಮಕ್ಕಳು ಕನ್ನಡಿಯ ಸುತ್ತ ಕೂತರು. ಎಂಟು ಪಾಲೂ ನೀಲಿ. ಅಜ್ಜಪ್ಪ ಡಬ್ಬಿಯೊಳಗಿನ ಕೊಳವೆ ಎತ್ತಿ ಬಿಸಿಲಿಗೆ ಹಿಡಿದ; ಒಂದು ಇರುವೆ ಅದರೊಳಗೆ ಕಾಲು ಕೂಡ ಒದ್ದೆಯಾಗದೆ ನಡೆದು ಬಂತು. ಈಗ ಮೈಕು ಎದ್ದು ಗಟ್ಟಿಯಾಗಿ ಹೇಳಬೇಕು. ಎದ್ದಳು. ಬಾಯಿ ತೆರೆದಳು. ಮೊಳೆಯನ್ನು ಗೋಡೆಗೆ ಇಳಿಸುವ ಆ ದನಿ ಎಲ್ಲಿ ಹೋಯಿತೋ! ಅವಳ ಕಣ್ಣು ಹೆಡ್‌ಮೇಷ್ಟ್ರ ಕನ್ನಡಕಕ್ಕೇ ಅಂಟಿಕೊಂಡಿತ್ತು.

ಟೀಚರ್ ಅದನ್ನು ಕಂಡರು. ಹೇಳಿಕೊಡಲು ಹೋಗಲಿಲ್ಲ. ಮೆಲ್ಲಗೆ ಹೆಡ್‌ಮೇಷ್ಟ್ರ ಪಕ್ಕಕ್ಕೆ ಸರಿದು ಕಿವಿಯಲ್ಲಿ ಕೇಳಿದರು: "ಸಾರ್, ಒಂದು ನಿಮಿಷ ಕನ್ನಡಕ ಕೊಡ್ತೀರಾ?"

"ಯಾಕ್ರೀ?"

"ಕೊಡಿ ಸಾರ್, ದಮ್ಮಯ್ಯ."

ಹೊರಗಿನವರ ಮುಂದೆ ಜಗಳವೇಕೆಂದು ಅವರು ಕೊಟ್ಟರು. ಟೀಚರ್ ಅದನ್ನು ಒಯ್ದು ಮೈಕಿನ ಮೂಗಿನ ಮೇಲೆ ಇಟ್ಟರು. ಅದು ಅವಳ ಗಲ್ಲದವರೆಗೂ ಬಂತು. ಹುಡುಗಿ ಅದರೊಳಗಿಂದ ಕ್ಲಾಸನ್ನು ನೋಡಿದಳು. ಆಮೇಲೆ ಕನ್ನಡಕ ತೆಗೆದಳು. ಫ್ರಾಕಿನ ತುದಿಗೆ ಒರೆಸಿದಳು. ಒರೆಸಿದಳು, ಇನ್ನೂ ಒರೆಸಿದಳು. ಮತ್ತೆ ಹಾಕಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಹೊಟ್ಟೆಯ ತಳದಿಂದ ಎತ್ತಿ ಕೂಗಿದಳು:

"ಮೋಡ, ಸೊನ್ನೆ! ಮಳೆ, ಸೊನ್ನೆ!"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಗಬಾರದೆಂದು ಹೆಡ್‌ಮೇಷ್ಟ್ರು ತುಟಿ ಕಚ್ಚಿದರು. ಆದರೆ ಕನ್ನಡಕವಿಲ್ಲದ ಮುಖಕ್ಕೆ ಏನನ್ನು ಮುಚ್ಚಿಡಲೂ ಆಗಲಿಲ್ಲ. ಅವರು ಹಾಗೆ ನಕ್ಕದ್ದನ್ನು ಅದಕ್ಕೆ ಮೊದಲು ಕಂಡವರು ಆ ಶಾಲೆಯಲ್ಲಿ ಯಾರೂ ಇರಲಿಲ್ಲ. ಹಲ್ಲಿವೆಯೆಂದೇ ಕೆಲವರಿಗೆ ಅವತ್ತು ಗೊತ್ತಾಯಿತು. ಹವಾಮಾನದವರು ಹಿಂದಿನ ಲೆಕ್ಕಕ್ಕೆಲ್ಲ ಉದ್ದಕ್ಕೆ ಗೆರೆ ಎಳೆದು ಹೊಡೆದುಹಾಕಿದರು. ಕೆಳಗೆ ಎರಡು ಸೊನ್ನೆ ಬರೆದು, "ಇಲ್ಲಿಂದ ಶುರು. ನಡೆಸಿಕೊಂಡು ಹೋಗಿ ಮೇಡಂ," ಎಂದು ಕೊಡೆ ಎತ್ತಿಕೊಂಡು ಹೊರಟರು.

"ಸಾರ್, ಹನ್ನೆರಡು ಗಂಟೆ?" ಎಂದು ಟೀಚರ್ ಹೆಡ್‌ಮೇಷ್ಟ್ರನ್ನು ಕೇಳಿದರು.

"ನಿಮ್ಮದೇ ಇಟ್ಟುಕೊಳ್ಳಿ," ಎಂದರು ಅವರು. "ಕನ್ನಡಕ ಮಾತ್ರ ವಾಪಸ್ ಕೊಡಿಸಿ."

ಮೈಕು ಸೊನ್ನೆ ಕೂಗುವ ಹೊತ್ತಿಗೆ ಗೋಡೆಯ ಆಚೆ ಕೊಡೆ ರಿಪೇರಿ ಅಂಗಡಿಗೆ ಬಹಳ ದಿನಗಳ ಮೇಲೆ ಒಬ್ಬರು ಗಿರಾಕಿ ಬಂದಿದ್ದರು. ಮುರಿದ ಕೊಡೆಯನ್ನು ಇನ್ನೇನು ಕೈಗೆ ಕೊಡಬೇಕು, ಅಷ್ಟರಲ್ಲಿ ಗೋಡೆ ಹಾರಿ ಬಂತು ಮೈಕಿನ ದನಿ. ಗಿರಾಕಿ ಆಕಾಶ ನೋಡಿದರು, ಕೊಡೆ ನೋಡಿದರು, ಅದನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ನಡೆದೇಬಿಟ್ಟರು. ಅಂಗಡಿಯವರು ಎದ್ದು, ಗೋಡೆಯ ಮೇಲಿಂದ ತಲೆ ಹಾಕಿ ಅಂಗಳದತ್ತ ಕೂಗಿದರು:

"ಏನಮ್ಮಾ ಮೇಡಂ, ನಿಜ ಹೇಳೋದು ಹೇಳ್ತೀರಿ, ಸ್ವಲ್ಪ ಮೆಲ್ಲಗೆ ಹೇಳಿಸಬಾರದಾ?"

ಟೀಚರಿಗೆ ಅದು ಕೇಳಿಸಲಿಲ್ಲ. ಅವರ ಕತ್ತು ಆಗಲೇ ಮೇಲಕ್ಕೆ ಹೋಗಿತ್ತು.